ಸಾಂಕ್ರಾಮಿಕದ ಕಾಲದಲ್ಲಿ ಸ್ಕೂಲ್ ಬೋರ್ಡ್ ನಡೆಸುವುದು, ಸಿಬ್ಬಂದಿಗೆ ಥ್ಯಾಂಕ್ಸ್ ಹೇಳುವುದು: ಅಮೆರಿಕದ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

2020ರ ಮೇ ತಿಂಗಳ ಮೊದಲ ವಾರ. ನಮ್ಮ ಸ್ಕೂಲ್ ಬೋರ್ಡಿನ ಸಭೆ ಆನ್‌ಲೈನ್‌ನಲ್ಲಿ ನಡೆಯಿತು. ಟೀಚರ್ ಅಪ್ರಿಸಿಯೇಷನ್ ವೀಕ್ ಅಂತ ಒಂದು ನಿರ್ಣಯ ಓದಿದೆವು. ಎಲ್ಲರೂ ಕ್ಯಾಮೆರಾ ಮುಂದೆ ಚಪ್ಪಾಳೆ ತಟ್ಟಿದೆವು. ಮಾರನೇ ದಿನ ಮಕ್ಕಳ ಊಟದ ಪೊಟ್ಟಣ ಹಂಚುವ ಜಾಗಕ್ಕೆ ನಾನು ಸಹಾಯಕ್ಕೆ ಹೋಗಿದ್ದೆ. ಅಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಕಾರಿನ ಡಿಕ್ಕಿಗೆ ಹಾಲಿನ ಡಬ್ಬ ಇಡುತ್ತಾ ಮೆತ್ತಗೆ ಕೇಳಿದರು: "ನಿನ್ನೆ ಸಭೆ ನೋಡಿದೆ. ನಮ್ಮದು ಮುಂದಿನ ತಿಂಗಳು ಬರುತ್ತಾ?"

ಬರುವುದಿರಲಿಲ್ಲ. ಅದು ನಮ್ಮಲ್ಲಿ ಯಾರಿಗೂ ಹೊಳೆದೇ ಇರಲಿಲ್ಲ. ಮನೆಗೆ ಬಂದು ಹುಡುಕಿದಾಗ ಗೊತ್ತಾಯಿತು. ಶಾಲೆಯ ಅಡುಗೆಯವರಿಗೂ ಒಂದು ದಿನ ಇದೆ. ಸ್ಕೂಲ್ ಲಂಚ್ ಹೀರೋ ಡೇ, ಮೇ ತಿಂಗಳ ಮೊದಲ ಶುಕ್ರವಾರ. ಆ ವರ್ಷ ಅದು ಮೇ 1ಕ್ಕೆ ಬಿದ್ದಿತ್ತು. ನಮ್ಮ ಸಭೆಯ ಹೊತ್ತಿಗೆ ಆಗಲೇ ಕಳೆದುಹೋಗಿತ್ತು.

ಅವತ್ತಿನಿಂದ ನಾನು ಬರೆದಿಟ್ಟುಕೊಂಡ ಟಿಪ್ಪಣಿಗಳೇ ಈ ಮಾರ್ಗದರ್ಶಿ. ಅಮೆರಿಕದಲ್ಲಿ ಸ್ಕೂಲ್ ಬೋರ್ಡಿಗೆ ಆರಿಸಿ ಬಂದ ಕನ್ನಡಿಗರಿಗೆ, ಪಿಟಿಎಯಲ್ಲಿ (ಪೋಷಕರು ಮತ್ತು ಟೀಚರ್‌ಗಳ ಸಂಘ) ಓಡಾಡುವವರಿಗೆ, ಸಭೆಯಲ್ಲಿ ಎರಡು ನಿಮಿಷ ಮಾತಾಡಬೇಕು ಅನ್ನುವ ಪೋಷಕರಿಗೆ ಇದನ್ನು ಬರೆಯುತ್ತಿದ್ದೇನೆ. ಕೋವಿಡ್ ಮುಗಿಯಿತು, ಇನ್ನೇಕೆ ಅನ್ನಬೇಡಿ. ಇನ್ನೊಂದು ಸೋಂಕು ಬಂದಾಗ ಕೂತು ಯೋಚಿಸಲು ಪುರುಸೊತ್ತು ಇರುವುದಿಲ್ಲ. ಕಾಡ್ಗಿಚ್ಚು, ಪ್ರವಾಹ ಅಂತ ಶಾಲೆ ಮುಚ್ಚಿದಾಗಲೂ ಇದರಲ್ಲಿ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ.

ನನ್ನ ಅನುಭವದಲ್ಲಿ ಬೋರ್ಡಿನ ಕೆಲಸ ಬೇರೆ, ಥ್ಯಾಂಕ್ಸ್ ಹೇಳುವುದು ಬೇರೆ ಅಲ್ಲ. ಸಂಬಳ ನಿಲ್ಲುವುದಿಲ್ಲ ಅಂತ ಸರಿಯಾದ ಹೊತ್ತಿಗೆ ವೋಟು ಹಾಕುವುದೇ ದೊಡ್ಡ ಥ್ಯಾಂಕ್ಸ್. ಅದನ್ನು ಮಾಡದೆ ಪ್ರಶಸ್ತಿಪತ್ರ ಕೊಟ್ಟರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗೆ.

ಮೊದಲು, ಬೋರ್ಡಿನ ಕೈಯಲ್ಲಿ ಏನಿದೆ

ಅಮೆರಿಕದಲ್ಲಿ ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ಹೆಚ್ಚಿನ ಕಡೆ ಐದು, ಏಳು ಅಥವಾ ಒಂಬತ್ತು ಜನರ ಬೋರ್ಡ್ ಇರುತ್ತದೆ. ಜನರೇ ಓಟು ಹಾಕಿ ಆರಿಸುತ್ತಾರೆ. ಬೋರ್ಡ್ ಬಜೆಟ್ ಒಪ್ಪುತ್ತದೆ, ನೀತಿ ಮಾಡುತ್ತದೆ, ಡಿಸ್ಟ್ರಿಕ್ಟ್‌ನ ಮುಖ್ಯ ಅಧಿಕಾರಿಯಾದ ಸೂಪರಿಂಟೆಂಡೆಂಟ್‌ರನ್ನು ನೇಮಿಸುತ್ತದೆ, ಯೂನಿಯನ್ ಜೊತೆಗಿನ ಒಪ್ಪಂದಕ್ಕೆ ಸಹಿ ಹಾಕುತ್ತದೆ. ದಿನದಿನದ ಕೆಲಸ ಸೂಪರಿಂಟೆಂಡೆಂಟ್‌ರದು. ಒಬ್ಬ ಸದಸ್ಯರಿಗೆ ಒಂಟಿಯಾಗಿ ಯಾವ ಅಧಿಕಾರವೂ ಇಲ್ಲ. ಸಭೆಯಲ್ಲಿ ಕೂತು, ಕೋರಂ (ಸಭೆಗೆ ಬೇಕಾದಷ್ಟು ಸದಸ್ಯರು) ಇದ್ದು, ವೋಟು ಹಾಕಿದಾಗ ಮಾತ್ರ ಬೋರ್ಡಿಗೆ ಬಾಯಿ ಬರುತ್ತದೆ.

ಸಾಂಕ್ರಾಮಿಕ ಬಂದಾಗ ಇದನ್ನು ಮರೆಯುವುದು ಸುಲಭ. ಆತಂಕದಲ್ಲಿ ಸದಸ್ಯರೇ ಪ್ರಿನ್ಸಿಪಾಲರಿಗೆ ಫೋನ್ ಮಾಡಿ "ಹೀಗೆ ಮಾಡಿ" ಅನ್ನುತ್ತಾರೆ. ಅವರಿಗೆ ಆಗಲೇ ನೂರು ಫೋನ್ ಬಂದಿರುತ್ತದೆ. ದಯವಿಟ್ಟು ಮಾಡಬೇಡಿ.

ಹೆಜ್ಜೆ 1: ತೆರೆದ ಸಭೆಯ ಕಾನೂನು ನೋಡಿ

ಎಲ್ಲ ರಾಜ್ಯಗಳಲ್ಲೂ ತೆರೆದ ಸಭೆಯ ಕಾನೂನು ಇದೆ. ಬೋರ್ಡಿನ ಮಾತುಕತೆ ಜನರ ಎದುರಿಗೇ ನಡೆಯಬೇಕು ಅನ್ನುವುದು ಅದರ ಸಾರ. ಕ್ಯಾಲಿಫೋರ್ನಿಯಾದ ಬ್ರೌನ್ ಆ್ಯಕ್ಟ್ 1953ರಷ್ಟು ಹಳೆಯದು. ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲು ಜನರಿಗೆ ಕಾಣುವ ಹಾಗೆ ಹಾಕಬೇಕು. ವಿಶೇಷ ಸಭೆಗೆ 24 ಗಂಟೆ ಸಾಕು. ಅಜೆಂಡಾದಲ್ಲಿ ಇಲ್ಲದ ವಿಷಯಕ್ಕೆ ಸಾಮಾನ್ಯವಾಗಿ ವೋಟು ಹಾಕುವಂತಿಲ್ಲ.

ಸೋಂಕು ಬಂದಾಗ ತೊಡಕಾದದ್ದು ಬೇರೆ ಒಂದು ನಿಯಮ. ಫೋನಿನಲ್ಲೋ ವಿಡಿಯೋದಲ್ಲೋ ಸಭೆಗೆ ಸೇರುವ ಸದಸ್ಯರು ತಾವಿರುವ ಜಾಗದ ವಿಳಾಸ ಪ್ರಕಟಿಸಿ, ಅಲ್ಲಿಗೂ ಜನರನ್ನು ಬಿಡಬೇಕು ಅಂತ ಹಳೆಯ ಕಾನೂನು ಹೇಳುತ್ತಿತ್ತು. ಎಲ್ಲರೂ ಮನೆಯಿಂದ ಹೊರಗೆ ಬರಬಾರದು ಅಂದಾಗ ಅದು ಹೇಗೆ ಸಾಧ್ಯ? ಹಾಗಾಗಿ 2020ರ ಮಾರ್ಚ್ 17ರಂದು ಗವರ್ನರ್ ಆದೇಶ ಹೊರಡಿಸಿ ಆ ಷರತ್ತನ್ನು ತಾತ್ಕಾಲಿಕವಾಗಿ ಸಡಿಲಿಸಿದರು. 2021ರ ಸೆಪ್ಟೆಂಬರ್‌ನಲ್ಲಿ ಅದೇ ಸೌಲಭ್ಯ ಕಾನೂನಿನ ರೂಪದಲ್ಲಿ ಬಂತು. ಆದರೆ ಆಗ ಪ್ರತಿ 30 ದಿನಕ್ಕೊಮ್ಮೆ "ತುರ್ತು ಪರಿಸ್ಥಿತಿ ಇನ್ನೂ ಇದೆ" ಅಂತ ಬೋರ್ಡ್ ವೋಟು ಹಾಕಿ ದಾಖಲು ಮಾಡಬೇಕಿತ್ತು. ಬೇರೆ ರಾಜ್ಯಗಳಲ್ಲೂ ಇಂಥ ಸಡಿಲಿಕೆ ಬಂದವು, ಹೋದವು. ಅಂದರೆ ಹೋದ ತಿಂಗಳು ನಡೆದದ್ದು ಈ ತಿಂಗಳು ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ. ಪ್ರತಿ ಸಭೆಗೆ ಮೊದಲು ಡಿಸ್ಟ್ರಿಕ್ಟ್ ವಕೀಲರಿಂದ ಒಂದು ಸಾಲಿನ ಉತ್ತರ ತರಿಸಿಕೊಳ್ಳಿ: ಇವತ್ತಿನ ನಿಯಮ ಯಾವುದು?

ನಮ್ಮವರು ಜಾಸ್ತಿ ಎಡವುವುದು ವಾಟ್ಸಾಪ್‌ನಲ್ಲಿ. ಐದು ಜನರ ಬೋರ್ಡಿನಲ್ಲಿ ಮೂವರು ಒಂದು ಗ್ರೂಪ್ ಮಾಡಿ ಶಾಲೆ ತೆರೆಯಬೇಕೋ ಬೇಡವೋ ಅಂತ ಚರ್ಚಿಸಿದರೆ ಅದೇ ಒಂದು ಗುಟ್ಟಿನ ಸಭೆ ಆಗಿಬಿಡುತ್ತದೆ. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಮೆಸೇಜ್ ದಾಟಿಸಿದರೂ ಅಷ್ಟೇ. ಸೂಪರಿಂಟೆಂಡೆಂಟ್‌ರ ಈಮೇಲಿಗೆ "ರಿಪ್ಲೈ ಆಲ್" ಒತ್ತಬೇಡಿ. ಅವರಿಗೊಬ್ಬರಿಗೇ ಉತ್ತರ ಬರೆಯಿರಿ.

ಹೆಜ್ಜೆ 2: ಅಜೆಂಡಾ ಜೋಡಿಸುವಾಗ ಜನರ ಸಂಜೆ ನೆನಪಿರಲಿ

ಆ ವರ್ಷ ಎಷ್ಟೋ ಕಡೆ ಸಭೆಗಳು ಮಧ್ಯರಾತ್ರಿ ದಾಟಿದವು. ಮರುದಿನ ಬೆಳಿಗ್ಗೆ ಕ್ಲಾಸ್ ಇರುವ ಟೀಚರ್ ರಾತ್ರಿ ಹನ್ನೊಂದರವರೆಗೆ ಪರದೆ ನೋಡುತ್ತಾ ಕೂತಿರುತ್ತಾರೆ. ನಾಳೆ ತನ್ನ ಕೆಲಸ ಎಲ್ಲಿ, ಮನೆಯಲ್ಲೋ ಶಾಲೆಯಲ್ಲೋ, ಅದು ಆ ಸಭೆಯ ಮೇಲೇ ನಿಂತಿರುತ್ತದೆ.

ಆದ್ದರಿಂದ ಸಿಬ್ಬಂದಿಯ ದಿನಚರಿ ಬದಲಿಸುವ ವಿಷಯಗಳನ್ನು ಮೊದಲಿಗೆ ಇಡಿ. ಶಾಲೆ ತೆರೆಯುವ ದಿನಾಂಕ, ಮಾಸ್ಕ್ ನಿಯಮ, ರಜೆ, ಸಂಬಳ. ಹಿಂದಿನ ಸಭೆಯ ಮಿನಿಟ್ಸ್ (ನಡಾವಳಿ), ಬಿಲ್ಲುಗಳು, ಮಾಮೂಲಿ ನೇಮಕ ಇವನ್ನೆಲ್ಲ ಕನ್ಸೆಂಟ್ ಅಜೆಂಡಾಗೆ ಹಾಕಿ ಒಂದೇ ವೋಟಿನಲ್ಲಿ ಮುಗಿಸಿ. ಆದರೆ ಒಂದು ಎಚ್ಚರ. ನಿವೃತ್ತಿಯ ಪಟ್ಟಿಯೂ ಕನ್ಸೆಂಟ್ ಅಜೆಂಡಾದಲ್ಲೇ ಇರುತ್ತದೆ. ಮೂವತ್ತು ವರ್ಷ ಪಾಠ ಮಾಡಿದವರು 2020ರ ಜೂನ್‌ನಲ್ಲಿ ಖಾಲಿ ಕ್ಲಾಸ್‌ರೂಮಿನಿಂದ ಪೆಟ್ಟಿಗೆ ಹೊತ್ತುಕೊಂಡು ಒಬ್ಬರೇ ಹೊರಟರು. ಬೀಳ್ಕೊಡುಗೆ ಇಲ್ಲ, ಮಕ್ಕಳಿಲ್ಲ. ಅವರ ಹೆಸರನ್ನು ಅಲ್ಲಿಂದ ಹೊರಗೆ ತೆಗೆದು ಗಟ್ಟಿಯಾಗಿ ಓದಿ. ಹತ್ತು ನಿಮಿಷ ಹಿಡಿಯಬಹುದು, ಹಿಡಿಯಲಿ.

ಕೃತಜ್ಞತೆಯ ವಿಷಯ ಅಜೆಂಡಾದ ಮೊದಲ ಅರ್ಧ ಗಂಟೆಯಲ್ಲಿರಲಿ. ಕೊನೆಗೆ ಇಟ್ಟರೆ, ಯಾರಿಗೆ ಹೇಳುತ್ತಿದ್ದೀರೋ ಅವರೇ ಮಲಗಿರುತ್ತಾರೆ. ಬಸ್ ಡ್ರೈವರ್‌ಗಳು ಬೆಳಗಿನ ಜಾವ ಏಳುವ ಜನ.

ಕ್ಲೋಸ್ಡ್ ಸೆಷನ್ (ಜನರನ್ನು ಹೊರಗಿಟ್ಟು ಬೋರ್ಡ್ ಮಾತಾಡುವ ಭಾಗ) ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಅಂದಾಜು ಸಮಯ ಬರೆಯಿರಿ. ವೇಟಿಂಗ್ ರೂಮಿನಲ್ಲಿ ಒಂದೂವರೆ ಗಂಟೆ ಸುಮ್ನೆ ಕಾಯಿಸುವುದು ಗೌರವ ಅಲ್ಲ.

ಹೆಜ್ಜೆ 3: ಆನ್‌ಲೈನ್ ಸಭೆ ನಡೆಸುವುದು

ಕೆಲಸಗಳನ್ನು ಹಂಚಿ. ಅಧ್ಯಕ್ಷರು ಸಭೆ ನಡೆಸಲಿ, ಬಟನ್ ಒತ್ತುವ ಕೆಲಸ ಬೇರೆಯವರದಾಗಲಿ. ಒಬ್ಬರು ಜನರನ್ನು ಒಳಗೆ ಬಿಡಲು, ಒಬ್ಬರು ಮಾತಾಡುವವರ ಪಟ್ಟಿ ಮತ್ತು ಸಮಯ ನೋಡಲು, ಒಬ್ಬರು ಕ್ಯಾಪ್ಷನ್ ಮತ್ತು ಅನುವಾದ ನೋಡಲು. ಸ್ಪ್ಯಾನಿಷ್ ಮಾತಾಡುವ ಸಿಬ್ಬಂದಿ ಇರುವ ಕಡೆ ಅನುವಾದಕರು ಬೇಕೇ ಬೇಕು.

ವೋಟನ್ನು ಒಬ್ಬೊಬ್ಬರ ಹೆಸರು ಕರೆದು ತೆಗೆದುಕೊಳ್ಳಿ. ವಿಡಿಯೋ ಸಭೆಯಲ್ಲಿ ಎಲ್ಲರೂ ಒಟ್ಟಿಗೆ "ಆಯ್" ಅಂದರೆ ಯಾರು ಅಂದರು ಗೊತ್ತಾಗುವುದಿಲ್ಲ. ಬ್ರೌನ್ ಆ್ಯಕ್ಟ್‌ನಲ್ಲಂತೂ ಇದು ಕಡ್ಡಾಯ. ಸದಸ್ಯರ ಸಂಪರ್ಕ ಕಡಿದು ಕೋರಂ ಹೋದರೆ ಸಭೆ ನಿಲ್ಲಿಸಿ. ಅವರು ವಾಪಸ್ ಬಂದ ಸಮಯವನ್ನು ಮಿನಿಟ್ಸ್‌ನಲ್ಲಿ ಬರೆಸಿ.

ಕಿಡಿಗೇಡಿಗಳು ನುಗ್ಗಿ ಅಸಹ್ಯ ಚಿತ್ರ, ಬೈಗುಳ ಹಾಕುವುದು ಆಗ ಎಲ್ಲೆಡೆ ಶುರುವಾಗಿತ್ತು. 2020ರ ಮಾರ್ಚ್ 30ರಂದು ಎಫ್‌ಬಿಐನ ಬಾಸ್ಟನ್ ಕಚೇರಿ ಮ್ಯಾಸಚೂಸೆಟ್ಸ್‌ನ ಎರಡು ಶಾಲೆಗಳ ಘಟನೆ ಹೇಳಿ ಎಚ್ಚರಿಕೆ ಕೊಟ್ಟಿತು. ಏಪ್ರಿಲ್ ಮೊದಲ ವಾರದಲ್ಲೇ ಝೂಮ್ ಪಾಸ್‌ವರ್ಡ್ ಮತ್ತು ವೇಟಿಂಗ್ ರೂಮನ್ನು ಬಹುಪಾಲು ಬಳಕೆದಾರರಿಗೆ ತಾನಾಗಿಯೇ ಹಚ್ಚಿತು. ಬೋರ್ಡ್ ಸಭೆಗೆ ವೆಬಿನಾರ್ ರೀತಿ ವಾಸಿ. ಜನ ನೋಡಬಹುದು, ಕೈ ಎತ್ತಬಹುದು, ಕರೆದಾಗ ಮಾತಾಡಬಹುದು. ಪರದೆ ಹಂಚುವ ಅಧಿಕಾರ ಹೋಸ್ಟ್ ಕೈಯಲ್ಲೇ ಇರಲಿ. ಸಿಬ್ಬಂದಿಯನ್ನು ಸನ್ಮಾನಿಸುವ ಹೊತ್ತಿನಲ್ಲಿ ಇಂಥದ್ದು ನಡೆದರೆ ಆಗುವ ನೋವು ದೊಡ್ಡದು.

ಸಾರ್ವಜನಿಕರ ಮಾತಿಗೆ ಫೋನ್ ನಂಬರ್ ದಾರಿಯೂ ಇರಲಿ. ಎಲ್ಲರ ಮನೆಯಲ್ಲೂ ಒಳ್ಳೆಯ ಇಂಟರ್‌ನೆಟ್ ಇರುವುದಿಲ್ಲ. ಸಭೆಯ ಮೊದಲು ಬಂದ ಪತ್ರಗಳನ್ನು ಓದುತ್ತೀರಾ, ಬರೀ ಸದಸ್ಯರಿಗೆ ಕಳಿಸುತ್ತೀರಾ ಅನ್ನುವುದನ್ನು ಮೊದಲೇ ಪ್ರಕಟಿಸಿ. ಜನ ಬೈಯುತ್ತಾರೆ. ನಮ್ಮ ಮೇಲೆ ಬೈದರೆ ಕೇಳಿಸಿಕೊಳ್ಳಬೇಕು, ಅದು ನಾವು ಒಪ್ಪಿಕೊಂಡ ಕೆಲಸ. ಆದರೆ ಒಬ್ಬ ಟೀಚರ್ ಹೆಸರು ಹಿಡಿದು ಹೀಯಾಳಿಸಿದಾಗ ಅಧ್ಯಕ್ಷರು ಬಾಯಿ ಮುಚ್ಚಿ ಕೂರಬಾರದು. ಮಾತು ತಡೆಯುವ ವಿಚಾರದಲ್ಲಿ ವಾಕ್‌ಸ್ವಾತಂತ್ರ್ಯದ ಕಾನೂನು ಸೂಕ್ಷ್ಮ. ಹಾಗಾಗಿ ತಡೆಯುವ ಬದಲು, ಅವರು ಮುಗಿಸಿದ ಮೇಲೆ ಇಷ್ಟು ಹೇಳಿ: "ಸಿಬ್ಬಂದಿಯ ಮೇಲಿನ ದೂರಿಗೆ ಬೇರೆ ದಾರಿ ಇದೆ. ಅವರು ಇಲ್ಲಿ ಉತ್ತರ ಕೊಡುವ ಸ್ಥಿತಿಯಲ್ಲಿಲ್ಲ. ನಮ್ಮ ಸಿಬ್ಬಂದಿಯ ಮೇಲೆ ಬೋರ್ಡಿಗೆ ಗೌರವ ಇದೆ." ಅದನ್ನು ಕೇಳಲು ನೂರಾರು ಜನ ಪರದೆಯ ಆಚೆ ಕಾದಿರುತ್ತಾರೆ.

ಹೆಜ್ಜೆ 4: ನಿಮ್ಮಲ್ಲಿ ಕೆಲಸ ಮಾಡುವವರು ಯಾರ್ಯಾರು, ಪಟ್ಟಿ ಮಾಡಿ

ಈ ಹೆಜ್ಜೆಗೆ ಒಂದು ಇಡೀ ಸಂಜೆ ಕೊಡಿ. ನಾವು ಎಡವಿದ್ದು ಇಲ್ಲೇ.

ಹ್ಯೂಮನ್ ರಿಸೋರ್ಸಸ್ ವಿಭಾಗದಿಂದ ಹುದ್ದೆಗಳ ಪೂರ್ತಿ ಪಟ್ಟಿ ತರಿಸಿ. ಟೀಚರ್, ಕೌನ್ಸೆಲರ್, ನರ್ಸ್, ಲೈಬ್ರರಿಯನ್. ಆಮೇಲೆ ಕ್ಲಾಸ್‌ನಲ್ಲಿ ಸಹಾಯ ಮಾಡುವ ಪ್ಯಾರಾಎಜುಕೇಟರ್‌ಗಳು, ಆಫೀಸ್ ಕ್ಲರ್ಕ್‌ಗಳು, ಅಡುಗೆಯವರು, ಬಸ್ ಡ್ರೈವರ್‌ಗಳು, ಶಾಲೆ ಗುಡಿಸಿ ಒರೆಸಿ ನೋಡಿಕೊಳ್ಳುವ ಕಸ್ಟೋಡಿಯನ್‌ಗಳು, ಗಾರ್ಡನರ್‌ಗಳು, ಕಂಪ್ಯೂಟರ್ ರಿಪೇರಿಯವರು. ಇಷ್ಟಕ್ಕೇ ನಿಲ್ಲಿಸಬೇಡಿ. ಡಿಸ್ಟ್ರಿಕ್ಟ್ ಸಂಬಳದ ಪಟ್ಟಿಯಲ್ಲಿ ಇಲ್ಲದವರೂ ಇದ್ದಾರೆ. ಗುತ್ತಿಗೆ ಕಂಪನಿಯ ಬಸ್ ಓಡಿಸುವವರು, ರಸ್ತೆ ದಾಟಿಸುವವರು, ಸಬ್‌ಸ್ಟಿಟ್ಯೂಟ್ ಟೀಚರ್‌ಗಳು, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವವರು.

ಈಗ ಪ್ರತಿ ಹುದ್ದೆಯ ಎದುರು ಮೂರು ಪ್ರಶ್ನೆ ಬರೆಯಿರಿ. ಈ ಸೋಂಕಿನಲ್ಲಿ ಇವರ ಕೆಲಸ ಏನು ಬದಲಾಯಿತು? ಇವರು ಮನೆಯಿಂದ ಮಾಡಬಹುದೇ, ಬರಲೇಬೇಕೇ? ನಮ್ಮ ಮಾತು ಇವರನ್ನು ಹೇಗೆ ಮುಟ್ಟುತ್ತದೆ?

ಮೂರನೆಯದಕ್ಕೆ ಉತ್ತರ ಹುಡುಕುವಾಗ ನನಗೆ ನಿಜಕ್ಕೂ ನಾಚಿಕೆ ಆಯಿತು. ನಾವು ಕಳಿಸುತ್ತಿದ್ದ ಎಲ್ಲ ಸಂದೇಶವೂ ಈಮೇಲಿನಲ್ಲಿ ಹೋಗುತ್ತಿತ್ತು. ರಾತ್ರಿ ಪಾಳಿಯ ಕಸ್ಟೋಡಿಯನ್‌ಗಳಲ್ಲಿ ಹಲವರು ಡಿಸ್ಟ್ರಿಕ್ಟ್ ಈಮೇಲ್ ತೆರೆಯುವುದೇ ಇಲ್ಲ, ಅವರಿಗೆ ಕಂಪ್ಯೂಟರ್ ಕೊಟ್ಟೇ ಇರಲಿಲ್ಲ. ಅವರಿಗೆ ಬೇಕಾದದ್ದು ಮನೆಗೆ ಬರುವ ಕಾಗದ, ಅಥವಾ ಪಾಳಿ ಶುರುವಾಗುವ ಹೊತ್ತಿಗೆ ಬಂದು ನಿಲ್ಲುವ ಒಬ್ಬ ಮನುಷ್ಯ.

ಎರಡನೆಯ ಪ್ರಶ್ನೆಯೂ ಮುಖ್ಯ. 2020ರ ಮಾರ್ಚ್ ಕೊನೆಗೆ ದೇಶದ ಸುಮಾರು 5 ಕೋಟಿ ಸರ್ಕಾರಿ ಶಾಲೆಯ ಮಕ್ಕಳು ಮನೆಯಲ್ಲಿದ್ದರು. ಆದರೆ ಊಟ ನಿಲ್ಲಲಿಲ್ಲ. ಮಕ್ಕಳು ಜೊತೆಗಿಲ್ಲದೆ ತಂದೆತಾಯಿ ಬಂದು ಊಟ ಒಯ್ಯಬಹುದು, ಒಂದೇ ಸಲ ಹಲವು ದಿನದ್ದು ಕೊಡಬಹುದು ಅಂತ ಕೇಂದ್ರ ಕೃಷಿ ಇಲಾಖೆ ನಿಯಮ ಸಡಿಲಿಸಿತು. ಅಷ್ಟು ಸಡಿಲವಾದದ್ದು ಕಾಗದದ ಮೇಲೆ. ಬೆಳಿಗ್ಗೆ ಐದಕ್ಕೆ ಬಂದು ಸಾವಿರ ಪೊಟ್ಟಣ ಕಟ್ಟಿದ್ದು ಕೈಗಳು. ಲಸಿಕೆ ಇನ್ನೂ ಇರಲಿಲ್ಲ, ಮಾಸ್ಕ್ ಸಿಗುವುದೇ ಕಷ್ಟವಾಗಿತ್ತು. ಆಗ ಮನೆಯಿಂದ ಹೊರಗೆ ಬಂದು ಕೆಲಸ ಮಾಡಿದವರು ಹೆಚ್ಚಾಗಿ ನಮ್ಮಲ್ಲಿ ಕಡಿಮೆ ಸಂಬಳ ಪಡೆಯುವವರೇ.

ಹೆಜ್ಜೆ 5: ಸಂಬಳ, ರಜೆ, ರಕ್ಷಣೆ ಮೊದಲು

ಶಾಲೆ ಮುಚ್ಚಿದ ಕೂಡಲೇ ಗಂಟೆ ಲೆಕ್ಕದಲ್ಲಿ ದುಡಿಯುವವರ ಎದೆ ಝಲ್ ಅನ್ನುತ್ತದೆ. ಬಸ್ ಓಡದಿದ್ದರೆ ಸಂಬಳ ಬರುತ್ತಾ? ಮೊದಲ ತುರ್ತು ಸಭೆಯಲ್ಲೇ ಇದಕ್ಕೆ ಉತ್ತರ ಕೊಡಿ. ಎರಡು ವಾರ ತಡವಾದರೆ ಅದು ಊಟಕ್ಕಿಲ್ಲದ ಉಪ್ಪಿನಕಾಯಿ.

ಕೋವಿಡ್ ಸಮಯದಲ್ಲಿ ಇದಕ್ಕೆ ಕಾನೂನಿನ ಬೆಂಬಲವೂ ಇತ್ತು. 2020ರ ಮಾರ್ಚ್ 27ರ ಕೇರ್ಸ್ ಆ್ಯಕ್ಟ್ ಎಂಬ ಕೇಂದ್ರದ ನೆರವಿನ ಕಾನೂನು ಶಾಲೆಗಳಿಗೆ 1,320 ಕೋಟಿ ಡಾಲರ್ ತೆಗೆದಿಟ್ಟಿತು. ಆ ಹಣ ಪಡೆದ ಡಿಸ್ಟ್ರಿಕ್ಟ್‌ಗಳು ಶಾಲೆ ಮುಚ್ಚಿದ್ದಾಗಲೂ ಸಾಧ್ಯವಾದಷ್ಟು ಮಟ್ಟಿಗೆ ಸಿಬ್ಬಂದಿ ಮತ್ತು ಗುತ್ತಿಗೆದಾರರಿಗೆ ಸಂಬಳ ಮುಂದುವರಿಸಬೇಕು ಅಂತ ಅದರಲ್ಲೇ ಬರೆದಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ 5,430 ಕೋಟಿ, 2021ರ ಮಾರ್ಚ್‌ನಲ್ಲಿ ಸುಮಾರು 12,200 ಕೋಟಿ ಡಾಲರ್ ಬಂತು. ಮೂರನೆಯ ಕಂತಿನಲ್ಲಿ ಡಿಸ್ಟ್ರಿಕ್ಟ್‌ಗೆ ಬಂದ ಹಣದ ಶೇ. 20ರಷ್ಟನ್ನು ಮಕ್ಕಳ ಕಲಿಕೆಯ ನಷ್ಟ ತುಂಬಲು ಮೀಸಲಿಡಬೇಕಿತ್ತು. ಶಾಲೆ ಸುರಕ್ಷಿತವಾಗಿ ತೆರೆಯುವ ಯೋಜನೆ ಪ್ರಕಟಿಸಿ, ಜನರ ಅಭಿಪ್ರಾಯ ಕೇಳಿ, ಆರು ತಿಂಗಳಿಗೊಮ್ಮೆ ಪರಿಶೀಲಿಸಬೇಕಿತ್ತು. ಇಂಥ ಹಣ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ: ಇದು ಒಂದೇ ಸಲದ್ದೋ, ಪ್ರತಿ ವರ್ಷದ್ದೋ? ಒಂದೇ ಸಲದ ಹಣದಿಂದ ಕಾಯಂ ಹುದ್ದೆ ಮಾಡಿದರೆ ಮೂರು ವರ್ಷದ ನಂತರ ಅದೇ ಜನರನ್ನು ಮನೆಗೆ ಕಳಿಸಬೇಕಾಗುತ್ತದೆ. ಆ ಹಣ ಬಳಸಲು ಕೊಟ್ಟಿದ್ದ 2024ರ ಸೆಪ್ಟೆಂಬರ್‌ನ ಗಡುವು ಬಂದಾಗ ಎಷ್ಟೋ ಕಡೆ ಈ ಸಂಕಟ ಎದುರಾಯಿತು.

ರಜೆಯ ನಿಯಮವನ್ನು ಸರಳ ಭಾಷೆಯಲ್ಲಿ ಒಂದೇ ಪುಟದಲ್ಲಿ ಬರೆಸಿ. 2020ರ ಏಪ್ರಿಲ್ 1ರಿಂದ ಡಿಸೆಂಬರ್ 31ರವರೆಗೆ ಕೇಂದ್ರದ ಕಾನೂನಿನಲ್ಲಿ 80 ಗಂಟೆವರೆಗೆ ಸಂಬಳ ಸಹಿತ ಅನಾರೋಗ್ಯ ರಜೆ ಇತ್ತು. ಹೊಸ ವರ್ಷದ ದಿನ ಆ ಕಡ್ಡಾಯ ಇರಲಿಲ್ಲ, ಸೋಂಕು ಮಾತ್ರ ಏರುತ್ತಿತ್ತು. ಡಿಸೆಂಬರ್ ಸಭೆಯಲ್ಲೇ ನಮ್ಮದೇ ರಜೆ ಮುಂದುವರಿಸುತ್ತೇವೆ ಅಂತ ವೋಟು ಹಾಕಿದ ಬೋರ್ಡುಗಳು ಸಿಬ್ಬಂದಿಯ ಮನಸ್ಸಿನಲ್ಲಿ ಉಳಿದವು. ಇಂಥ ಕೊನೆಯ ದಿನಾಂಕಗಳನ್ನು ಕ್ಯಾಲೆಂಡರ್‌ನಲ್ಲಿ ಎರಡು ತಿಂಗಳು ಮೊದಲೇ ಗುರುತು ಹಾಕಿ.

ಯೂನಿಯನ್ ಇರುವ ಕಡೆ ಕೆಲಸದ ಗಂಟೆ, ಸಂಬಳ, ಸುರಕ್ಷತೆ ಇವುಗಳ ಬದಲಾವಣೆಗೆ ಮಾತುಕತೆ ಬೇಕು. ಬೋರ್ಡ್ ಒಳ್ಳೆಯ ಮನಸ್ಸಿನಿಂದ ಬೋನಸ್ ಘೋಷಿಸಿದರೂ ಮಾತುಕತೆ ಇಲ್ಲದೆ ಮಾಡಿದರೆ ದೂರು ಬರುತ್ತದೆ. ಒಪ್ಪಂದ ಆದ ಮೇಲೆ ಸೂಪರಿಂಟೆಂಡೆಂಟ್ ಮತ್ತು ಯೂನಿಯನ್ ಅಧ್ಯಕ್ಷರು ಇಬ್ಬರೂ ಸೇರಿ ಒಂದೇ ಪತ್ರ ಕಳಿಸಲಿ. ಇಬ್ಬರ ಸಹಿ ಇರುವ ಕಾಗದ ಓದಿದರೆ ಜನರಿಗೆ ಧೈರ್ಯ ಬರುತ್ತದೆ.

ಹೆಜ್ಜೆ 6: ಉಡುಗೊರೆ, ಬೋನಸ್ ಕೊಡುವ ಮೊದಲು

ಡಿಸ್ಟ್ರಿಕ್ಟ್ ಹಣ ತೆರಿಗೆದಾರರದು. ಅದನ್ನು ಉಡುಗೊರೆಯಾಗಿ ಕೊಡುವುದಕ್ಕೆ ಹಲವು ರಾಜ್ಯಗಳ ಸಂವಿಧಾನವೇ ತಡೆ ಹಾಕುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದು 16ನೇ ವಿಧಿಯ 6ನೇ ಸೆಕ್ಷನ್. ಮಾಡಿ ಮುಗಿಸಿದ ಕೆಲಸಕ್ಕೆ ಆಮೇಲೆ ಹೆಚ್ಚುವರಿ ಹಣ ಕೊಡುವಂತಿಲ್ಲ ಅನ್ನುವ ನಿಯಮವೂ ಕೆಲವು ರಾಜ್ಯಗಳಲ್ಲಿದೆ. ಅದಕ್ಕೇ ಬೋನಸ್ ಅನ್ನು "ಮುಂದಿನ ಜೂನ್‌ವರೆಗೆ ಕೆಲಸದಲ್ಲಿ ಉಳಿದವರಿಗೆ" ಅಂತ ಮುಂದಿನ ಕೆಲಸಕ್ಕೆ ಕಟ್ಟಿ ಬರೆಯುತ್ತಾರೆ. ವಕೀಲರು ನೋಡದೆ ಈ ವಿಷಯವನ್ನು ಅಜೆಂಡಾಗೆ ಹಾಕಬೇಡಿ.

ಗಿಫ್ಟ್ ಕಾರ್ಡ್ ಬಗ್ಗೆ ಹಲವರಿಗೆ ಗೊತ್ತಿಲ್ಲ. ಕೆಲಸ ಕೊಟ್ಟವರು ಕೊಟ್ಟ ಗಿಫ್ಟ್ ಕಾರ್ಡ್ ಎಷ್ಟೇ ಚಿಕ್ಕದಿರಲಿ, ತೆರಿಗೆ ಇಲಾಖೆ ಅದನ್ನು ನಗದು ಅಂತಲೇ ಲೆಕ್ಕ ಹಾಕುತ್ತದೆ. ಸಂಬಳಕ್ಕೆ ಸೇರಿ ತೆರಿಗೆ ಬೀಳುತ್ತದೆ. ಗಂಟೆ ಲೆಕ್ಕದವರಿಗೆ ಮೊದಲೇ ಮಾತು ಕೊಟ್ಟು ನೀಡುವ ಬೋನಸ್ ಇದ್ದರೆ ಓವರ್‌ಟೈಮ್ ದರವನ್ನೂ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ಪೇರೋಲ್‌ನವರನ್ನು ಮೊದಲೇ ಕರೆದು ಮಾತಾಡಿ. ಬೋನಸ್ ಇಷ್ಟು ಅಂತ ಘೋಷಿಸಿ, ಕೈಗೆ ಬಂದಾಗ ಮೂರನೇ ಒಂದು ಭಾಗ ಕಡಿತವಾಗಿದ್ದರೆ ಸಂತೋಷಕ್ಕಿಂತ ಬೇಸರವೇ ಜಾಸ್ತಿ ಅಲ್ವಾ? ತೆರಿಗೆ ಕಳೆಯುವ ಮೊದಲಿನ ಮೊತ್ತ ಇದು ಅಂತ ಪತ್ರದಲ್ಲೇ ಬರೆಯಿರಿ.

ಪಿಟಿಎ ಮತ್ತು ಶಾಲಾ ಫೌಂಡೇಷನ್‌ಗಳಿಗೆ ಇಷ್ಟು ಕಟ್ಟುಪಾಡು ಇಲ್ಲ. ಸಣ್ಣಪುಟ್ಟ ಉಡುಗೊರೆ ಅವರ ಕಡೆಯಿಂದ ಬರಲಿ. ಆದರೆ ಎಲ್ಲ ಶಾಲೆಗಳ ಪಿಟಿಎ ಕೈಯಲ್ಲೂ ಒಂದೇ ಸಮ ಹಣ ಇರುವುದಿಲ್ಲ. ಅನುಕೂಲಸ್ಥರ ಬಡಾವಣೆಯ ಟೀಚರ್‌ಗೆ ಬುಟ್ಟಿ ತುಂಬ ಉಡುಗೊರೆ, ಪಕ್ಕದ ಶಾಲೆಯವರಿಗೆ ಏನೂ ಇಲ್ಲ ಅಂತ ಆಗಬಾರದು. ಡಿಸ್ಟ್ರಿಕ್ಟ್‌ನ ಎಲ್ಲ ಪಿಟಿಎಗಳು ಒಂದೇ ನಿಧಿ ಮಾಡಿ ಹಂಚಿಕೊಳ್ಳಲು ಕೇಳಿ ನೋಡಿ.

ಹಣ ಇಲ್ಲದೆಯೂ ಕೊಡಬಹುದಾದ ದೊಡ್ಡ ವಸ್ತು ಸಮಯ. ಒಂದು ಬುಧವಾರ ಮಧ್ಯಾಹ್ನ ಯಾವ ಮೀಟಿಂಗೂ ಇಲ್ಲ. ಈ ತಿಂಗಳು ಹೊಸ ಸಾಫ್ಟ್‌ವೇರ್ ಕಲಿಯಬೇಕಿಲ್ಲ. ಆ ವರದಿ ಈ ವರ್ಷ ಬೇಡ. ಒಬ್ಬ ಟೀಚರ್ ನನಗೆ ಹೇಳಿದ್ದು ಇದನ್ನೇ: "ಮಗ್ ಬೇಡ ಸಾರ್, ಒಂದು ಮೀಟಿಂಗ್ ಕಮ್ಮಿ ಮಾಡಿ."

ಹೆಜ್ಜೆ 7: ನಿರ್ಣಯ ಬರೆಯುವುದು, ಹೆಸರು ಓದುವುದು

ಬೋರ್ಡಿನ ಕೃತಜ್ಞತಾ ನಿರ್ಣಯಗಳು ಎಲ್ಲ ಕಡೆ ಒಂದೇ ಅಚ್ಚಿನಲ್ಲಿರುತ್ತವೆ. "ಅವಿರತ ಶ್ರಮ", "ಅಪಾರ ಸೇವೆ". ಅಂಥ ಮಾತು ಯಾರಿಗೂ ಅಂಟುವುದಿಲ್ಲ. ಯಾರು, ಯಾವಾಗ, ಏನು ಮಾಡಿದರು ಅಂತ ಬರೆಯಿರಿ. ಉದಾಹರಣೆಗೆ ಹೀಗೆ:

"ಶಾಲೆ ಮುಚ್ಚಿದ ಮರುದಿನದಿಂದಲೇ ನಮ್ಮ ಅಡುಗೆಮನೆಯವರು ಕೆಲಸಕ್ಕೆ ಬಂದರು. ಬಸ್ ಡ್ರೈವರ್‌ಗಳು ಮಕ್ಕಳಿಲ್ಲದ ಬಸ್ಸಿನಲ್ಲಿ ಊಟವನ್ನೂ ಪಾಠದ ಹಾಳೆಗಳನ್ನೂ ಮನೆಮನೆಗೆ ಒಯ್ದರು. ನಮ್ಮ ಕಂಪ್ಯೂಟರ್ ವಿಭಾಗದವರು ಪಾರ್ಕಿಂಗ್ ಜಾಗದಲ್ಲಿ ಮೇಜು ಹಾಕಿ ಲ್ಯಾಪ್‌ಟಾಪ್ ಹಂಚಿದರು. ಇದಕ್ಕಾಗಿ ಈ ಬೋರ್ಡ್ ಅವರಿಗೆ ಕೃತಜ್ಞತೆ ದಾಖಲಿಸುತ್ತದೆ."

ಈ ವಿವರ ನಿಮಗೆ ಗೊತ್ತಿರುವುದಿಲ್ಲ. ಪ್ರತಿ ವಿಭಾಗದ ಮುಖ್ಯಸ್ಥರಿಗೆ ಒಂದೇ ಪ್ರಶ್ನೆ ಕಳಿಸಿ: ಈ ತಿಂಗಳು ನಿಮ್ಮ ತಂಡದಲ್ಲಿ ನೀವು ಕಂಡ ಒಂದು ಕೆಲಸ ಹೇಳಿ, ಯಾರು ಮಾಡಿದ್ದು?

ಇನ್ನು ಹೆಸರು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಹೆಸರನ್ನು ತಪ್ಪಾಗಿ ಕರೆದಾಗ, ಅರ್ಧಕ್ಕೆ ತುಂಡು ಮಾಡಿದಾಗ, "ನಿಮ್ಮದು ಕಷ್ಟ" ಅಂತ ನಕ್ಕು ಮುಂದೆ ಹೋದಾಗ ಆಗುವ ಕಸಿವಿಸಿ ನಮಗೆ ಗೊತ್ತು. ಓದುವ ಮುನ್ನ ಪ್ರತಿಯೊಬ್ಬರನ್ನೂ ಕೇಳಿ. ಫೋನಿನಲ್ಲಿ ಅವರದೇ ದನಿಯಲ್ಲಿ ಹೆಸರು ರೆಕಾರ್ಡ್ ಮಾಡಿಸಿಕೊಳ್ಳಿ. ನಾನು ಹಿಂದಿನ ರಾತ್ರಿ ಕನ್ನಡ ಲಿಪಿಯಲ್ಲಿ ಬರೆದುಕೊಂಡು ಅಭ್ಯಾಸ ಮಾಡುತ್ತಿದ್ದೆ. ಬೇರೆ ಬೇರೆ ದೇಶದ ಹೆಸರುಗಳನ್ನೂ ಕೇಳಿದ ಹಾಗೇ ಬರೆದುಕೊಳ್ಳಲು ನಮ್ಮ ಅಕ್ಷರ ತುಂಬ ಅನುಕೂಲ. ಜೂನ್ ಸಭೆಯಲ್ಲಿ ಅಡುಗೆಮನೆಯ ಎಲ್ಲರ ಹೆಸರು ಹಾಗೆ ಓದಿದೆವು. ಮೇ ತಿಂಗಳಲ್ಲಿ ನನ್ನನ್ನು ಕೇಳಿದ್ದ ಆ ಹೆಂಗಸು ಕ್ಯಾಮೆರಾ ಹಚ್ಚಲಿಲ್ಲ. ಆದರೆ ಚಾಟ್‌ನಲ್ಲಿ ಅವರ ಮಗಳು ಬರೆದಳು: ಅಮ್ಮ ಅಳುತ್ತಿದ್ದಾರೆ.

ಕೆಲವರಿಗೆ ಹೆಸರು ಹೇಳುವುದು ಇಷ್ಟ ಇರುವುದಿಲ್ಲ. ಅದನ್ನೂ ಕೇಳಿ ತಿಳಿದುಕೊಳ್ಳಿ. ಯಾರಿಗೆ ಸೋಂಕು ತಗುಲಿತ್ತು ಅಂತ ಯಾವ ಕಾರಣಕ್ಕೂ ಸಭೆಯಲ್ಲಿ ಹೇಳಬೇಡಿ. ಗುಣವಾಗಿ ಬಂದರು ಅಂತ ಪ್ರೀತಿಯಿಂದಲೂ ಹೇಳಬಾರದು. ಅದು ಅವರ ಸ್ವಂತ ವಿಷಯ.

ಹೆಜ್ಜೆ 8: ಯಾರಾದರೂ ತೀರಿಕೊಂಡಾಗ

ಇದನ್ನು ಬರೆಯುವುದು ಕಷ್ಟ. ಆದರೆ ಇದಕ್ಕೆ ತಯಾರಿಲ್ಲದ ಬೋರ್ಡ್ ತುಂಬ ನೋವು ಕೊಡುತ್ತದೆ.

ಮೊದಲು ಮನೆಯವರಿಗೆ ಫೋನ್. ಸೂಪರಿಂಟೆಂಡೆಂಟ್ ಅಥವಾ ಪ್ರಿನ್ಸಿಪಾಲ್, ಯಾರು ಹತ್ತಿರದವರೋ ಅವರು ಮಾಡಲಿ. ಏನು ಹೇಳಬಹುದು, ಏನು ಹೇಳಬಾರದು ಅಂತ ಮನೆಯವರನ್ನೇ ಕೇಳಿ. ಕಾರಣ ಅವರು ಹೇಳಿದರೆ ಮಾತ್ರ ಹೇಳಿ. ಆಮೇಲೆ ಅವರ ಶಾಲೆಯ ಸಿಬ್ಬಂದಿಗೆ, ಅದೂ ಈಮೇಲ್‌ಗಿಂತ ಮೊದಲು ಬಾಯಿಮಾತಿನಲ್ಲಿ. ಮಕ್ಕಳಿಗೆ ಕೌನ್ಸೆಲರ್ ಇರುವಾಗ ತಿಳಿಸಿ. ಬೋರ್ಡ್ ಸಭೆಯ ಮೌನ ಇದೆಲ್ಲದರ ನಂತರ.

ಹ್ಯೂಮನ್ ರಿಸೋರ್ಸಸ್‌ನಿಂದ ಒಬ್ಬರನ್ನು ಆ ಮನೆಗೆಂದೇ ಗೊತ್ತು ಮಾಡಿ. ಕೊನೆಯ ಸಂಬಳ, ಉಳಿದ ರಜೆಯ ಹಣ, ಜೀವವಿಮೆ, ಪಿಂಚಣಿ, ಮನೆಯವರ ಆರೋಗ್ಯವಿಮೆ ಎಲ್ಲಿಯವರೆಗೆ, ಕೆಲಸದಿಂದ ಬಂದ ಸೋಂಕಾದರೆ ಪರಿಹಾರಕ್ಕೆ ಅರ್ಜಿ ಹೇಗೆ, ಎಲ್ಲವನ್ನೂ ಒಬ್ಬರೇ ಹೇಳಲಿ. ದುಃಖದಲ್ಲಿರುವವರು ಐದು ಕಿಟಕಿಗೆ ಅಲೆಯಬಾರದು.

ಸಂತಾಪ ನಿರ್ಣಯದ ಪ್ರತಿಯನ್ನು ಸಹಿ ಮಾಡಿ ಕಾಗದದಲ್ಲೇ ಕಳಿಸಿ. ಮನೆಯವರ ಭಾಷೆಯ ಅನುವಾದವೂ ಜೊತೆಗಿರಲಿ.

ಹೆಜ್ಜೆ 9: ವರ್ಷದ ಕ್ಯಾಲೆಂಡರ್

ಜನವರಿ ಸ್ಕೂಲ್ ಬೋರ್ಡ್‌ಗಳಿಗೆ ಥ್ಯಾಂಕ್ಸ್ ಹೇಳುವ ತಿಂಗಳು. ಸಾಂಕ್ರಾಮಿಕದ ವರ್ಷದಲ್ಲಿ ಅದನ್ನು ಬೇಡ ಅನ್ನಿ, ಆ ಸಮಯವನ್ನು ಸಿಬ್ಬಂದಿಗೆ ಕೊಡಿ. ಮೇ ಮೊದಲ ಶುಕ್ರವಾರ ಅಡುಗೆಯವರದು. ಮೇ ತಿಂಗಳ ಮೊದಲ ಪೂರ್ತಿ ವಾರ ಟೀಚರ್‌ಗಳದು. ನ್ಯಾಷನಲ್ ಪಿಟಿಎ 1984ರಿಂದ ಮೇ ತಿಂಗಳಲ್ಲಿ ಅವರಿಗೆ ಒಂದು ವಾರ ಮೀಸಲಿಟ್ಟಿದೆ. ಅದೇ ಹೊತ್ತಿನ ಒಂದು ಬುಧವಾರ ಶಾಲಾ ನರ್ಸ್‌ಗಳದು. ಸೋಂಕಿನ ಕಾಲದಲ್ಲಿ ಅವರಷ್ಟು ದಣಿದವರು ಕಮ್ಮಿ. ಕ್ಯಾಲಿಫೋರ್ನಿಯಾದಲ್ಲಿ ಮೇ ಮೂರನೇ ವಾರ ಕ್ಲಾಸಿಫೈಡ್ ಸಿಬ್ಬಂದಿಯದು, ಅಂದರೆ ಕ್ಲರ್ಕ್, ಬಸ್ ಡ್ರೈವರ್, ಕಸ್ಟೋಡಿಯನ್ ಥರದವರದು. ಅಕ್ಟೋಬರ್ ಪ್ರಿನ್ಸಿಪಾಲರದು.

ದಿನಾಂಕಗಳನ್ನು ಜುಲೈನಲ್ಲೇ ಗುರುತು ಹಾಕಿ, ಪ್ರತಿಯೊಂದಕ್ಕೂ ಒಬ್ಬ ಬೋರ್ಡ್ ಸದಸ್ಯರನ್ನು ಹೊಣೆ ಮಾಡಿ. ಯಾವ ವಾರಕ್ಕೂ ಸೇರದವರು ಉಳಿದರೆ, ಹೆಜ್ಜೆ 4ರ ಪಟ್ಟಿ ನೋಡಿ ಅವರಿಗೊಂದು ದಿನ ನೀವೇ ಗೊತ್ತು ಮಾಡಿ.

ಹೆಜ್ಜೆ 10: ಮಿನಿಟ್ಸ್ ಮತ್ತು ಒಂದು ಫೈಲು

ಮುಂದಿನ ಸಭೆಯಲ್ಲಿ ಮಿನಿಟ್ಸ್ ಒಪ್ಪುವ ಮೊದಲು ಹೆಸರುಗಳ ಸ್ಪೆಲಿಂಗ್ ಒಮ್ಮೆ ನೋಡಿ. ಮಿನಿಟ್ಸ್ ಶಾಶ್ವತ ದಾಖಲೆ. ತಪ್ಪಿದ್ದರೆ ಕನ್ಸೆಂಟ್ ಅಜೆಂಡಾದಿಂದ ಹೊರತೆಗೆದು ತಿದ್ದಿಸಿ. ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನಿಮ್ಮ ಅವಧಿ ಮುಗಿಯುವ ಮೊದಲು ಒಂದು ಫೈಲು ಮಾಡಿ ಬೋರ್ಡಿನ ಕಾರ್ಯದರ್ಶಿ ಕೈಗೆ ಕೊಡಿ. ಅದರಲ್ಲಿ ಎಲ್ಲ ಹುದ್ದೆಗಳ ಪಟ್ಟಿ, ಈಮೇಲ್ ನೋಡದವರನ್ನು ಮುಟ್ಟುವ ದಾರಿ, ಮೊದಲ ತುರ್ತು ಸಭೆಯಲ್ಲಿ ಹಾಕಿದ ಸಂಬಳದ ನಿರ್ಣಯದ ಪ್ರತಿ, ಅನುವಾದಕರ ವಿವರ, ಬೋನಸ್ ಬಗ್ಗೆ ವಕೀಲರು ಕೊಟ್ಟ ಉತ್ತರ, ಸಾವಿನ ಸಮಯದಲ್ಲಿ ಯಾರು ಯಾರಿಗೆ ಫೋನ್ ಮಾಡಬೇಕು ಅನ್ನುವ ಒಂದು ಹಾಳೆ ಇರಲಿ. ವರ್ಷಕ್ಕೊಮ್ಮೆ, ಆಗಸ್ಟ್‌ನಲ್ಲಿ ಶಾ‌ಲೆ ಶುರುವಾಗುವ ಮೊದಲು, ಅದನ್ನು ತೆರೆದು ಬದಲಾದ ಹೆಸರುಗಳನ್ನು ತಿದ್ದಲು ಕಾರ್ಯದರ್ಶಿಗೆ ಹೇಳಿ.